ಮಳೆನೀರಿನ ಕೊಡ

ಜಗಳೂರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಮಳೆ ಬಂದೊಡನೆ ಸೂರಿನಡಿ ಕೊಡ ಇಡುತ್ತಿದ್ದರು. "ಬೋರ್ ನೀರಿಗೆ ಮಗಳ ಕೂದ್ಲು ತೆಂಗಿನ ನಾರಾಗೈತ್ರೀ ಅಣ್ಣಾರೆ," ಎನ್ನುತ್ತ ಹರಳೆಣ್ಣೆ ಹಚ್ಚಿ ಬೆರಳಲ್ಲೇ ಸಿಕ್ಕು ಬಿಡಿಸುತ್ತಿದ್ದರು.

ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುವ ಹಿಂದಿನ ದಿನ, ಅವಳ ತಲೆಸ್ನಾನಕ್ಕೆಂದು ಹಿಡಿದಿಟ್ಟಿದ್ದ ಮಳೆನೀರಿನಲ್ಲಿ ಯೋಚಿಸದೆ ನಾನು ಸ್ಕೂಟರ್ ತೊಳೆದೆ. ತಪ್ಪು ಹೊಳೆದಾಗ ಹೆದರಿ, ಕೊಡಕ್ಕೆ ಬೋರ್ ನೀರನ್ನೇ ತುಂಬಿಟ್ಟೆ.

ಮರುದಿನ ತಲೆ ತೊಳೆದರೂ ಕೂದಲು ಒರಟಾಗಿಯೇ ಉಳಿಯಿತು. ಬಂದವರು ಏನೂ ಹೇಳದೆ ಹೋದರು. "ಈ ಸಲದ ಮಳೇನೇ ಸರಿ ಇಲ್ಲ ಬಿಡ್ರಿ," ಎಂದು ಆಕೆ ನನ್ನನ್ನೇ ನೋಡಿದರು. ನಾನು ತಲೆಯಾಡಿಸಿದೆ.

ಮುಂದಿನ ಮಳೆಗೆ ಒಂದು ಕೊಡ ಹೆಚ್ಚಿಗೆ ಹಿಡಿದು ನನ್ನ ಬಾಗಿಲಿಗೆ ತಂದಿಟ್ಟರು. "ಇದು ನಿಮ್ ಗಾಡೀಗ್ರೀ ಅಣ್ಣಾರೆ," ಎಂದು ನಕ್ಕರು. ಅದು ಚುಚ್ಚುಮಾತೋ, ಕ್ಷಮೆಯೋ, ಇಂದಿಗೂ ತಿಳಿದಿಲ್ಲ. ತಪ್ಪಾಯಿತು ಅನ್ನುವ ಬದಲು ನಾನು, "ಭಾಳ ಉಪಕಾರ ಆತಮ್ಮ," ಅಂದುಬಿಟ್ಟೆ.