ಷಣ್ಮುಖಪ್ಪನವರು ಅರಸರಾಗಲು ಹೊರಟದ್ದು

ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರ್ಸ್ ಕಿಟಕಿಯ ಹಿಂದೆ ಷಣ್ಮುಖಪ್ಪನವರು ಬಹಳ ವರ್ಷಗಳಿಂದ ಕೂತಿದ್ದರು. ಕಿಟಕಿಯ ಈಚೆ ನಿಂತವರು ಕೇಳಿದ ಸಾಮಾನು ಇದೆಯೋ ಇಲ್ಲವೋ ಎಂದು ಹೇಳುವುದಷ್ಟೇ ಅವರ ಕೆಲಸ. ಕಷ್ಟವೆಂದರೆ, ಅವರಿಗೆ ಮಾತು ಉಗ್ಗುತ್ತಿತ್ತು. 'ಇದೆ' ಎನ್ನಲಿ, 'ಇಲ್ಲ' ಎನ್ನಲಿ, ಮೊದಲ ಅಕ್ಷರದ ಮೇಲೇ ನಾಲಿಗೆ ನಿಂತುಬಿಡುತ್ತಿತ್ತು. ಎದುರಿಗಿದ್ದವನು ಆಶಾವಾದಿಯಾಗಿದ್ದರೆ "ಇದೆಯಾ? ಕೊಡಿ ಹಾಗಾದ್ರೆ" ಎಂದು ಕೈಚಾಚುತ್ತಿದ್ದ. ಉಳಿದವರು "ಇಲ್ವಾ? ನಂಗೊತ್ತಿತ್ತು ಬಿಡಿ" ಎಂದು ಆಡಳಿತವನ್ನು ಬಯ್ಯುತ್ತಾ ಹೊರಟುಹೋಗುತ್ತಿದ್ದರು. ಆ ಸಾಮಾನು ಎಷ್ಟೋ ಸಲ ಷಣ್ಮುಖಪ್ಪನವರ ಕೈಯಲ್ಲೇ ಇರುತ್ತಿತ್ತು.

ಯಾರೂ ಅವರನ್ನು ಹೀಯಾಳಿಸಿದ್ದಿಲ್ಲ. ಅದನ್ನು ನಮ್ಮ ಊರಿನ ಪರವಾಗಿ ಹೇಳಲೇಬೇಕು. ಬಸ್ಸಿನಲ್ಲಿ ವಯಸ್ಸಾದವರ ಚೀಲ ಎತ್ತಿ ಮೇಲಿಡುವ ಹಾಗೆ, ಉಗ್ಗುವವರ ಮಾತನ್ನು ತಾವೇ ಮುಗಿಸಿಕೊಡುವುದು ಇಲ್ಲಿನವರ ಮರ್ಯಾದೆ. ಹೋಟೆಲಿನ ಸಪ್ಲೈಯರ್ ಮುಗಿಸಿಕೊಟ್ಟ ತಿಂಡಿಯನ್ನು ಷಣ್ಮುಖಪ್ಪನವರು ತಿನ್ನುತ್ತಿದ್ದರು. ಕ್ಷೌರದವನು ಮುಗಿಸಿಕೊಟ್ಟ ಹಾಗೆ ತಲೆ ಕೊಡುತ್ತಿದ್ದರು. ಮಗಳ ನಾಮಕರಣದ ದಿನ ತೊಟ್ಟಿಲ ಹತ್ತಿರ ತಮ್ಮ ತಾಯಿಯ ಹೆಸರಾದ ಅನ್ನಪೂರ್ಣ ಎಂದೇ ಇಡಬೇಕೆಂದು ಅಕ್ಕನಿಗೆ ಹೇಳಲು ಹೊರಟರು. ಅಕ್ಕ ಮೊದಲ ಅಕ್ಷರಕ್ಕೇ ಖುಷಿಯಾಗಿ, "ಅಮೂಲ್ಯ ಅಂತಲಾ? ಚೆಂದ ಇದೆ ಕಣೋ" ಎಂದು ಮಗುವಿನ ಕಿವಿಯಲ್ಲಿ ಮೂರು ಸಲ ಊದಿಯೇಬಿಟ್ಟರು. ಕೂಡಿದ ಜನ ಸಕ್ಕರೆ ಬಾಯಿಗೆ ಹಾಕಿಕೊಂಡರು.

ಹೆಂಡತಿ ಜಗದಾಂಬಾ ಈ ಸೇವೆಯಲ್ಲಿ ಎಲ್ಲರಿಗಿಂತ ಮುಂದೆ. ಗಂಡ ಬಾಯಿ ತೆರೆದರೆ ಸಾಕು, ವಿಷಯ ತಿಳಿದು ಹೇಳಿ, ಕೊನೆಗೆ 'ಅಂತಿದಾರೆ' ಎಂದು ಸೇರಿಸುತ್ತಿದ್ದರು. ನೂರಕ್ಕೆ ತೊಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಉಳಿದ ಹತ್ತನ್ನು ಷಣ್ಮುಖಪ್ಪನವರು ಒಪ್ಪಿಕೊಂಡುಬಿಡುತ್ತಿದ್ದರು.

ಆದರೆ ರಂಗದ ಮೇಲೆ ಹತ್ತಿದರೆ ಇದೇ ಮನುಷ್ಯ ಬೇರೆ. ಕಾಲೊನಿಯ ಕಲಾವೃಂದ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿತ್ತು. ಹಾರ್ಮೋನಿಯಂ ಗಣಪಯ್ಯ ಮೇಷ್ಟ್ರು ಶ್ರುತಿ ಹಿಡಿದರೆಂದರೆ ಷಣ್ಮುಖಪ್ಪನವರ ಬಾಯಿಂದ ಬಾಯಿಪಾಠದ ಮಾತು ತಡೆಯಿಲ್ಲದೆ ಬರುತ್ತಿತ್ತು. ಹಿಂದಿನ ಸಾಲಿನಲ್ಲಿ ಮಲಗಿದ ಮಕ್ಕಳು ಎದ್ದು ಅಳುತ್ತಿದ್ದವು. ಉಗ್ಗು ಹೀಗೆ ಮಾಯವಾಗುವುದು ತಮ್ಮ ಹಾರ್ಮೋನಿಯಂನ ಮಹಿಮೆ ಎಂದು ಮೇಷ್ಟ್ರು ನಂಬಿದ್ದರು, ಆಸ್ಪತ್ರೆಗಳು ಇದನ್ನು ಗಮನಿಸಬೇಕು ಎಂದೂ ಹೇಳುತ್ತಿದ್ದರು.

ಷಣ್ಮುಖಪ್ಪನವರನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಮಗಳ ವಿಷಯ. ಅಮೂಲ್ಯ ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಳು. ಕಾಲೇಜಿನಲ್ಲಿ ತಂದೆತಾಯಿಯರ ಸಭೆ ಬಂದಾಗ ಹುಡುಗಿ, "ಅಮ್ಮ ಬಂದ್ರೆ ಸಾಕು ಅಪ್ಪಾಜಿ, ನಿಮಗ್ಯಾಕೆ ತೊಂದರೆ" ಎಂದಿದ್ದಳು. ತೊಂದರೆ ಯಾರಿಗೆಂದು ಅವರಿಗೆ ಅರ್ಥವಾಗಿತ್ತು. ಮಗಳಿಗೆ ತಮ್ಮದೇ ಮಾತಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಿ ಮುಗಿಸಿದ ನೆನಪು ಅವರಿಗಿರಲಿಲ್ಲ. ಮನೆಯಲ್ಲಿ ಹೇಳಬೇಕಾದದ್ದೆಲ್ಲ ಜಗದಾಂಬಾ ಮೂಲಕ ಹೋಗಿ, ಜಗದಾಂಬಾ ಮೂಲಕ ಬರುತ್ತಿತ್ತು.

ಇಂಥ ಮನೆಗೆ ಎರಡು ಸಾವಿರದ ಆರನೇ ಇಸವಿಯ ಚಳಿಗಾಲದಲ್ಲಿ ಜ್ಞಾನೇಶ್ ಬಂದ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಅವನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಅಮೂಲ್ಯ ಅಲ್ಲಿಗೆ ಸಂಜೆ ಕಲಿಯಲು ಹೋಗುತ್ತಿದ್ದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಂಟರ್‌ನೆಟ್ಟಿನಲ್ಲಿ ಅವನೊಂದು ವಿಷಯ ಕಂಡುಹಿಡಿದಿದ್ದ. ಪರದೇಶಗಳಲ್ಲಿ ದೊಡ್ಡವರು ಅರಸ, ಮಾಂತ್ರಿಕ, ಸೈನಿಕ ಎಂದು ವೇಷ ಹಾಕಿಕೊಂಡು, ಕಾಡಿಗೆ ಹೋಗಿ, ಎರಡು ದಿನ ಆ ಪಾತ್ರವಾಗಿಯೇ ಬದುಕುತ್ತಾರಂತೆ. ನೋಡುವವರು ಯಾರೂ ಇರುವುದಿಲ್ಲವಂತೆ. ಅದನ್ನು ಮೊದಲ ಬಾರಿ ನಮ್ಮ ಜಿಲ್ಲೆಗೆ ತರುವ ಹೊಣೆ ತನ್ನ ಮೇಲೆ ಬಿದ್ದಿದೆ ಎಂದು ಜ್ಞಾನೇಶನಿಗೆ ಅನ್ನಿಸಿತು. 'ಸಜೀವ ಕಾಲ್ಪನಿಕ ಪಾತ್ರಾಭಿನಯ ಮಹಾಶಿಬಿರ' ಎಂದು ಫ್ಲೆಕ್ಸ್ ಹಾಕಿಸಿದ. ಅದರಲ್ಲಿ ಕೋಟೆಯ ಚಿತ್ರಕ್ಕಿಂತ ಅವನ ಫೋಟೊ ದೊಡ್ಡದಿತ್ತು. ನೋಡುವವರಿಲ್ಲದ ಆಟಕ್ಕೆ ಫ್ಲೆಕ್ಸ್ ಯಾಕೆಂದು ಯಾರೂ ಕೇಳಲಿಲ್ಲ.

"ಸಾರ್, ಅರಸ ನೀವೇ ಆಗ್ಬೇಕು," ಎಂದ ಜ್ಞಾನೇಶ್, ಕೊಟ್ಟ ಕಾಫಿ ಹಾಗೇ ಹಿಡಿದುಕೊಂಡು. "ಹೋದ ವರ್ಷ ನಿಮ್ಮ ನಾಟಕ ನೋಡ್ದೆ. ಆ ವಾಯ್ಸ್! ನಮ್ ಹುಡುಗ್ರಲ್ಲಿ ಯಾರಿಗೂ ಇಲ್ಲ. ಅಮೂಲ್ಯನೂ ಹೆಸರು ಕೊಟ್ಟಿದಾಳೆ."

ಷಣ್ಮುಖಪ್ಪನವರು ಮಗಳ ಕಡೆ ನೋಡಿದರು. ಮಗಳು ಬಾಗಿಲ ಪರದೆಯ ಕಡೆ ನೋಡುತ್ತಿದ್ದಳು. ಅವರ ತುಟಿ ಅಲ್ಲಾಡಿತು.

"ಆಗಲಿ ಅಂತಿದಾರೆ," ಎಂದರು ಜಗದಾಂಬಾ.

ಆ ದಿನ ಅದು ನಿಜವಾಗಿಯೂ ಅವರು ಹೇಳಬೇಕೆಂದಿದ್ದ ಮಾತೇ ಆಗಿತ್ತು. ತಮ್ಮ ಉಗ್ಗು ಗೊತ್ತಿಲ್ಲದ ಒಬ್ಬ ಮನುಷ್ಯ ಮನೆ ಹುಡುಕಿಕೊಂಡು ಬಂದು ಕೇಳಿದ್ದು ಅದೇ ಮೊದಲು. ಅದೂ ಮಗಳ ಎದುರಿಗೆ.

ತಯಾರಿ ಶುರುವಾಯಿತು. ಶಿವಮೊಗ್ಗದ ನವುಲೆಯಲ್ಲಿ ಒಬ್ಬರ ಮನೆಯ ಟೆರೇಸಿನ ಮೇಲೆ ಮೊದಲ ಸಭೆ. ಅಲ್ಲಿ ಪಾತ್ರ ಹಂಚಲು ಕೂತಾಗ ರಾಜ್ಯಕ್ಕೆ ಮಂತ್ರಿಗಳು ಧಾರಾಳವಾಗಿ ಸಿಕ್ಕರು, ಸೇನಾಪತಿಗಳು ಸಿಕ್ಕರು. ಮೆಡಿಕಲ್ ಶಾಪಿನ ಶಿವರಾಜ್ ಮಹಾಮಾಂತ್ರಿಕನಾಗಲು ಗಡ್ಡ ಬಿಡಲು ಶುರುಮಾಡಿಯೇ ಬಂದಿದ್ದ. ಪ್ರಜೆಯಾಗಲು ಒಬ್ಬರೂ ಸಿದ್ಧರಿರಲಿಲ್ಲ. ಕೊನೆಗೆ ಬ್ಯಾಂಕಿನವರೊಬ್ಬರು 'ಮುಖ್ಯ ಪ್ರಜೆ' ಎಂಬ ಹುದ್ದೆ ಕೊಟ್ಟರೆ ಆಗಬಹುದು ಎಂದರು. ಅಮೂಲ್ಯ ಶತ್ರುದೇಶದ ಗೂಢಚಾರಿಣಿಯಾದಳು.

ಆಮೇಲೆ ಜ್ಞಾನೇಶ್ ಎದ್ದು ನಿಂತು ನಿಯಮ ಹೇಳಿದ. "ಶನಿವಾರ ಬೆಳಗ್ಗೆ ಕಿರೀಟ ಇಟ್ಕೊಂಡ್ರೆ ಭಾನುವಾರ ಸಂಜೆವರೆಗೂ ಪಾತ್ರ ಬಿಡೋ ಹಾಗಿಲ್ಲ. ಡೈಲಾಗ್ ಅಂತ ಏನೂ ಇಲ್ಲ. ಯಾರು ಏನ್ ಕೇಳ್ತಾರೋ ಗೊತ್ತಿಲ್ಲ. ಆ ಕ್ಷಣಕ್ಕೆ ಏನು ತೋಚುತ್ತೋ ಅದನ್ನ ಮಾತಾಡಬೇಕು. ಅದೇ ಇದರ ಸೊಗಸು."

ಷಣ್ಮುಖಪ್ಪನವರಿಗೆ ಟೆರೇಸಿನ ಮೇಲಿನ ಗಾಳಿ ಸಾಲದಾಯಿತು. ನಾಟಕ ಎಂದರೆ ಯಾರೋ ಮೊದಲೇ ಮುಗಿಸಿಟ್ಟ ಮಾತು. ಅದನ್ನು ನಂಬಿಯೇ ಅವರು ಒಪ್ಪಿದ್ದು. ಭದ್ರಾವತಿಗೆ ವಾಪಸು ಬರುವ ಬಸ್ಸಿನಲ್ಲಿ ಮಗಳು ಪಕ್ಕದಲ್ಲೇ ಕೂತಿದ್ದಳು. ಒಂದು ಸ್ಟಾಪ್ ಕಳೆದ ಮೇಲೆ, "ಬೇಡ ಅಂದ್ರೆ ನಾನೇ ಜ್ಞಾನೇಶ್ ಸಾರಿಗೆ ಹೇಳ್ತೀನಿ ಅಪ್ಪಾಜಿ," ಎಂದಳು. ಮೆಲ್ಲಗೆ ಹೇಳಿದಳು, ಪ್ರೀತಿಯಿಂದಲೇ ಹೇಳಿದಳು. ಅವರು ಬೇಡವೆಂದು ತಲೆಯಾಡಿಸಿದರು. ಏನು ಬೇಡ, ಅರಸನಾಗುವುದೋ ಅವಳು ಹೇಳುವುದೋ ಎಂದು ಅವಳು ಕೇಳಲಿಲ್ಲ.

ಮರುದಿನವೇ ಗಣಪಯ್ಯ ಮೇಷ್ಟ್ರ ಮನೆ.

"ಸಾಹಿತ್ಯ ಇಲ್ದೆ ಅದೆಂಥ ಆಟ ಮಾರಾಯ," ಎಂದು ಮೇಷ್ಟ್ರು ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದರು. "ಅರಸನಿಗೆ ಬರೋದು ಏನು? ಯುದ್ಧ ಬರುತ್ತೆ, ಬರಗಾಲ ಬರುತ್ತೆ, ದೂತ ಬರ್ತಾನೆ. ಇಷ್ಟೇ. ಇಷ್ಟಕ್ಕೂ ಮಾತು ಕಟ್ಟಿಕೊಡ್ತೀನಿ, ಬಾಯಿಪಾಠ ಮಾಡ್ಕೋ. ಅವರು ಏನೇ ಕೇಳಲಿ, ಇದ್ರಲ್ಲೊಂದು ಬಿಡು."

ಹೀಗೆ ಆ ಅರಸನಿಗೆ ಯುದ್ಧದ ಮಾತು, ಬರದ ಮಾತು, ದೂತನ ಮಾತು, ಮಂತ್ರಿ ದ್ರೋಹ ಮಾಡಿದರೆ ಆಡುವ ಮಾತು, ಮಾಡದಿದ್ದರೆ ಹೊಗಳುವ ಮಾತು ಎಲ್ಲ ಸಿದ್ಧವಾದವು. ಷಣ್ಮುಖಪ್ಪನವರು ಸ್ನಾನದ ಮನೆಯಲ್ಲಿ ರಾಜ್ಯಭಾರ ಮಾಡತೊಡಗಿದರು. ಒಳಗಿಂದ ಸಿಂಹಗರ್ಜನೆ, ಹೊರಗೆ ಬಂದರೆ ಟವೆಲ್ ಕೇಳಲು ಕೈಸನ್ನೆ.

ಖಡ್ಗ ಮಾಡಿಕೊಡಲು ಒಪ್ಪಿದ್ದು ದಸ್ತಗೀರ್. ಅವನದು ಆಟೊ, ಬೈಕುಗಳ ಸೀಟ್ ಕವರ್ ಹೊಲಿಯುವ ಅಂಗಡಿ. ಷಣ್ಮುಖಪ್ಪನವರ ಜೊತೆ ಪ್ರೈಮರಿ ಶಾಲೆಯಲ್ಲಿ ಓದಿದವನು. ಯಾರಿಗೂ ಪೆಟ್ಟಾಗಬಾರದೆಂದು ಪ್ಲಾಸ್ಟಿಕ್ ಪೈಪಿಗೆ ಸ್ಪಂಜು ಸುತ್ತಿ, ಮೇಲೆ ರೆಕ್ಸಿನ್ ಹೊಲಿದ. ಸಿಪಾಯಿಗಳ ಕತ್ತಿಗೆ ಮಾಮೂಲಿ ಕರಿ ರೆಕ್ಸಿನ್. ಅರಸನ ಖಡ್ಗಕ್ಕೆ ಹುಲಿಪಟ್ಟೆಯದು. ಇಷ್ಟೆಲ್ಲ ಮಾಡಿದ ಮೇಲೆ ಸುಮ್ಮನಿರಲಾರದೆ ಅವನೂ ಅರಸನ ಅಂಗರಕ್ಷಕನಾಗಿ ಸೇರಿಕೊಂಡ.

"ಎಲ್ಲಿ, ನಿನ್ನ ಡೈಲಾಗ್ ನೋಡೋಣ," ಎಂದು ಒಂದು ಸಂಜೆ ಅಂಗಡಿಯ ಮುಂದೆ ಕೈಕಟ್ಟಿ ನಿಂತ. "ನಾನು ಬಡವ. ಪ್ರಭು, ನನ್ನ ಎಮ್ಮೆ ಕಳೆದೋಗಿದೆ."

ಷಣ್ಮುಖಪ್ಪನವರು ಕ್ಷಣ ಯೋಚಿಸಿದರು. ಇದ್ದದ್ದರಲ್ಲಿ ಹತ್ತಿರವೆಂದು ಕಂಡದ್ದನ್ನು ಎತ್ತಿಕೊಂಡರು. "ಮಳೆಯಿಲ್ಲದೆ ಬಾಯ್ತೆರೆದಿರುವ ಈ ಭೂತಾಯಿಯ ಒಡಲಿಗೆ ನಮ್ಮ ಭಂಡಾರವನ್ನೇ ಸುರಿಯುವೆವು!"

"ಬರಗಾಲ ಅಲ್ಲ ಮಾರಾಯ, ಎಮ್ಮೆ."

"ಎಲವೋ ದೂತನೇ—"

"ದೂತ ಯಾರು? ನಾನು ಎಮ್ಮೆಯವನು." ದಸ್ತಗೀರ್ ನಗುತ್ತಿದ್ದವನು ಗೆಳೆಯನ ಮುಖ ನೋಡಿ ನಿಲ್ಲಿಸಿದ. ಸ್ಟೂಲು ಎಳೆದು ಕೊಟ್ಟ. ಸ್ವಲ್ಪ ಹೊತ್ತು ಹೊಲಿಗೆ ಮೆಷೀನಿಗೆ ಎಣ್ಣೆ ಬಿಡುತ್ತಾ ಕೂತು, ಆಮೇಲೆ ಹೇಳಿದ: "ಬಿಟ್ಬಿಡು ಷಣ್ಮುಖ. ಜ್ವರ ಅಂತ ಹೇಳಿಸಿದ್ರಾಯ್ತು. ಯಾಕೆ ಬೇಕು ಇದೆಲ್ಲ?"

"ಮ... ಮ... ಮ..."

ದಸ್ತಗೀರ್‌ಗೆ ಗೊತ್ತಾಯಿತು. "ಮಗಳಿಗಾ?"

ಷಣ್ಮುಖಪ್ಪನವರು ಹೌದೆಂದರು. ದಸ್ತಗೀರ್ ಎದ್ದು ಮತ್ತೆ ಕೈಕಟ್ಟಿ ನಿಂತ.

ಶಿಬಿರ ಸೋಗಾನೆ ಕಡೆಯ ಒಂದು ಬಯಲಿನಲ್ಲಿ. ಶುಕ್ರವಾರವೇ ಹೋಗಿ ಶಾಮಿಯಾನ ಹಾಕಿ, ರಟ್ಟಿನ ಕೋಟೆ ನಿಲ್ಲಿಸಿದ್ದರು. ಗಾಳಿಗೆ ಕೋಟೆ ಮಲಗಿತ್ತು, ಅದನ್ನೆಬ್ಬಿಸಿ ಹಗ್ಗ ಕಟ್ಟಿದ್ದರು. ಶನಿವಾರ ಬೆಳಗ್ಗೆ ಷಣ್ಮುಖಪ್ಪನವರು ಕಲಾವೃಂದದ ಪೆಟ್ಟಿಗೆಯಿಂದ ತಂದ ಕಿರೀಟಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ತಲೆಯ ಮೇಲಿಟ್ಟುಕೊಂಡರು. ಅಡುಗೆಯ ಉಸ್ತುವಾರಿಗೆ ಬಂದಿದ್ದ ಜಗದಾಂಬಾ ಅವರನ್ನು ಜ್ಞಾನೇಶ್ ಒತ್ತಾಯ ಮಾಡಿ ರಾಣಿಯಾಗಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ. ಮಾತು ಬಾರದೇ ಹೋದರೆ ರಾಣಿ ಇದ್ದಾಳಲ್ಲ ಎಂದು ಷಣ್ಮುಖಪ್ಪನವರಿಗೂ ಜೀವ ಬಂದ ಹಾಗಾಯಿತು.

ಪಟ್ಟಾಭಿಷೇಕದ ಮಾತು ಬಾಯಿಪಾಠದ್ದು. ಗುಡುಗಿದ ಹಾಗೆ ಬಂತು. ಹುಡುಗರು ಚಪ್ಪಾಳೆ ತಟ್ಟಿದರು. ಮಾಂತ್ರಿಕ ಶಿವರಾಜನ ಗಡ್ಡ ಕೂಡ ಕ್ಷಣಕಾಲ ತಗ್ಗಿತು.

ಅಷ್ಟರಲ್ಲಿ ಕಾವಲಿನವರು ಗೂಢಚಾರಿಣಿಯನ್ನು ಕೈಗೆ ಹಗ್ಗ ಕಟ್ಟಿ ಹಿಡಿದು ತಂದರು. ಕಪ್ಪು ಸೀರೆಯ ತುಂಡನ್ನು ತಲೆಗೆ ಸುತ್ತಿಕೊಂಡಿದ್ದ ಅಮೂಲ್ಯ ಮಂಡಿಯೂರಿ ಕೂತಳು.

"ಪ್ರಭು, ಇವಳು ಕೋಟೆಯ ನಕ್ಷೆ ತೆಗೀತಿದ್ಲು," ಎಂದ ಕಾವಲಿನವನು. "ಏನು ಮಾಡೋಣ?"

ಗಣಪಯ್ಯ ಮೇಷ್ಟ್ರು ಕಟ್ಟಿಕೊಟ್ಟ ರಾಜ್ಯದಲ್ಲಿ ಗೂಢಚಾರಿಣಿ ಇರಲಿಲ್ಲ. ಷಣ್ಮುಖಪ್ಪನವರು ಯುದ್ಧದ ಮಾತನ್ನು ನೆನೆದರು, ದೂತನ ಮಾತನ್ನು ನೆನೆದರು. ಎರಡೂ ಬಿದ್ದ ಕೋಟೆಯ ಹಾಗೆ ಕಂಡವು. ಬಾಯಿ ತೆರೆದರು. ಗಂಟಲ ನರ ಎದ್ದಿತು, ಕಿರೀಟ ಸಣ್ಣಗೆ ನಡುಗಿತು, ಶಬ್ದ ಬರಲಿಲ್ಲ. ಅಮೂಲ್ಯ ನೆಲ ನೋಡುತ್ತಿದ್ದಳು.

"ಕ್ಷಮಿಸಿದೀನಿ ಅಂತಿದಾರೆ," ಎಂದರು ರಾಣಿ.

ಎಲ್ಲರೂ ಉಸಿರು ಬಿಟ್ಟರು. ಕಾವಲಿನವನು ಹಗ್ಗ ಬಿಚ್ಚಲು ಬಗ್ಗಿದ. ಷಣ್ಮುಖಪ್ಪನವರು ಪಕ್ಕಕ್ಕೆ ಕೈ ಚಾಚಿ, ಜಗದಾಂಬಾ ಅವರ ಮಣಿಕಟ್ಟಿನ ಮೇಲೆ ಇಟ್ಟರು. ಒತ್ತಲಿಲ್ಲ, ಸುಮ್ಮನೆ ಇಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಹಾಗೆ ಮಾಡಿದ್ದಿಲ್ಲ. ಜಗದಾಂಬಾ ಗಂಡನ ಮುಖ ನೋಡಿ, ಬಾಯಿ ಮುಚ್ಚಿಕೊಂಡರು.

"ನಿ... ನಿ... ನಿನ್ನ..."

ಜ್ಞಾನೇಶ್ ಸೀಟಿ ಹಿಡಿದುಕೊಂಡು ದಸ್ತಗೀರ್ ಹತ್ತಿರ ಸರಿದ. "ಏನಾಯ್ತು? ಮರೆತ್ರಾ? ನಿಲ್ಲಿಸ್ಲಾ?"

"ಸುಮ್ನಿರಿ ಸಾರ್," ಎಂದ ದಸ್ತಗೀರ್. "ರಾಜ ಮಾತಾಡ್ತಾ ಇದಾರೆ."

"ನಿನ್ನ... ದೇ... ದೇಶದವರು... ನಿ... ನಿನ್ನನ್ನೇ... ಯಾಕೆ ಕ... ಕ... ಕಳಿಸಿದರು?"

ಬಹಳ ಹೊತ್ತು ಹಿಡಿಯಿತು. ಅರಸ ಎಂದಮೇಲೆ ಕಾಯುವುದೇ ಪದ್ಧತಿ ಇರಬೇಕೆಂದು ಹುಡುಗರು ತಲೆಬಾಗಿಸಿ ಕಾದರು. ನಡುವೆ ಒಬ್ಬರೂ ಬಾಯಿ ಹಾಕಲಿಲ್ಲ. ಅಮೂಲ್ಯ ತಲೆ ಎತ್ತಿದ್ದಳು. ಅವಳ ತುಟಿ ಎರಡು ಸಲ ಅಪ್ಪನ ಪದವನ್ನು ಮುಗಿಸಲು ಹೊರಟು, ಎರಡು ಸಲವೂ ನಿಂತಿತ್ತು.

"ನಾನು ಜಾಸ್ತಿ ಮಾತಾಡಲ್ಲ ಅಂತ ಕಳಿಸಿದರು, ಪ್ರಭು," ಎಂದಳು.

ಅರಸರು ಯೋಚಿಸಿ, ಅಷ್ಟೇ ನಿಧಾನವಾಗಿ, ಇವಳನ್ನು ಬಿಡುವ ಹಾಗಿಲ್ಲ, ಸೆರೆಯಲ್ಲಿಡಿ, ಊಟ ಚೆನ್ನಾಗಿ ಕೊಡಿ ಎಂದು ಅಪ್ಪಣೆ ಮಾಡಿದರು. ಜಗದಾಂಬಾ ಅವರ ಊಹೆ ಆ ದಿನ ತಪ್ಪಾಗಿತ್ತು. ಅವರು ಎದ್ದು ಅಡುಗೆಯ ಕಡೆ ಹೋದರು, ಸೆರಗಿನಿಂದ ಮುಖ ಒರೆಸಿಕೊಂಡದ್ದು ಹೊಗೆಗೆ ಇರಬಹುದು.

ಮಧ್ಯಾಹ್ನ ಊಟದ ಹೊತ್ತಿಗೆ ಅರಸರೇ ಒಂದು ತಟ್ಟೆ ಚಿತ್ರಾನ್ನ ಹಿಡಿದುಕೊಂಡು ಸೆರೆಮನೆಗೆ, ಅಂದರೆ ಚಪ್ಪಲಿ ಬಿಡುವ ಡೇರೆಗೆ, ಹೋದರು. ಗೂಢಚಾರಿಣಿ ಎದ್ದು ನಿಂತಳು. ಪಾತ್ರ ಬಿಡುವ ಹಾಗಿರಲಿಲ್ಲ.

"ನಿ... ನಿನ್ನ ದೇಶದಲ್ಲಿ... ತ... ತ... ತಂದೆತಾಯಿ ಇದ್ದಾರೆಯೆ?"

ಅವಳು ಕಾದು, ಪೂರ್ತಿ ಕೇಳಿಸಿಕೊಂಡು, ಹೇಳಿದಳು: "ಇದ್ದಾರೆ ಪ್ರಭು. ತಾಯಿಯ ವಿಷಯ ಎಲ್ಲ ಗೊತ್ತು. ತಂದೆಯ ವಿಷಯದಲ್ಲಿ ನನ್ನ ಹತ್ತಿರ ಮಾಹಿತಿ ಸಾಲದು."

ಹೊರಗೆ ಮಂತ್ರಿಗಳು ಹಪ್ಪಳಕ್ಕಾಗಿ ಜಗಳವಾಡುವುದು ಕೇಳಿಸುತ್ತಿತ್ತು. ಷಣ್ಮುಖಪ್ಪನವರು ಕಿರೀಟ ತೆಗೆದು ಪಕ್ಕಕ್ಕಿಟ್ಟು, ಚಾಪೆಯ ಮೇಲೆ ಕೂತು, ಹೇಳಲು ಶುರುಮಾಡಿದರು. ಮೊದಲ ಪದವೇ ತಡವಾಯಿತು. ಹುಡುಗಿ ತಟ್ಟೆ ಕೆಳಗಿಟ್ಟು, ಎದುರಿಗೆ ಕೂತು, ಕಾದಳು.