ಐಟ್ ಅಂದ್ರೆ ಐತೆ

ಮೊನ್ನೆ ತಮಿಳುನಾಡಿನ ಓಡೈಪಟ್ಟಿಯ ತವರುಮನೆಯಲ್ಲಿ ಅತ್ತಿಗೆ ಒಲೆ ಹಚ್ಚಲು ಕಡ್ಡಿ ಗೀರಿದಳು. ಐಪ್ಪಸಿ ತಿಂಗಳ ಮಳೆಯ ತೇವಕ್ಕೆ ಕಡ್ಡಿ ಚುರ್ರೆಂದು ಆರಿಹೋಗಿ, ಸುಟ್ಟ ಗಂಧಕದ ವಾಸನೆ ಮಾತ್ರ ಮೂಗಿಗೆ ಹೊಡೆಯಿತು. “ಸಲ್ಫೈಟ್,” ಎಂದೆ. ಇವಳಿಗೇನಾಯಿತು ಎಂಬಂತೆ ಅತ್ತಿಗೆ ನನ್ನ ಮುಖ ನೋಡಿದಳು.

ಆ ವಾಸನೆಗೂ ಆ ಹೆಸರಿಗೂ ಗಂಟು ಹಾಕಿಕೊಟ್ಟವರು ಪ್ಲಸ್ ಟೂನಲ್ಲಿ ನಮಗೆ ಕೆಮಿಸ್ಟ್ರಿ ಕಲಿಸಿದ ಟೀಚರ್. ಹುಟ್ಟಿದ್ದು ಮಾರ್ಕಯನ್‌ಕೋಟ್ಟೈ, ಸಂಸಾರ ತೇನಿಯಲ್ಲಿ. ಅವರ ಸೀರೆಯ ಸೆರಗಿನಲ್ಲಿ ಯಾವಾಗಲೂ ಆಸಿಡ್ ತಿಂದ ಸಣ್ಣ ಸಣ್ಣ ತೂತುಗಳಿರುತ್ತಿದ್ದವು... ಅವರ ಮನೆಮಾತೂ ನಮ್ಮಂತೆ ಕನ್ನಡವೆಂದು ನನಗೆ ಗೊತ್ತಿರಲಿಲ್ಲ. ನನ್ನದನ್ನು ನಾನೂ ಯಾರಿಗೂ ಹೇಳಿರಲಿಲ್ಲ. ಕನ್ನಡದ ಮನೆಯವಳೆಂದರೆ ಕ್ಲಾಸಿನ ಹುಡುಗಿಯರು ಆಡಿಕೊಳ್ಳುತ್ತಿದ್ದರು, ನನಗೆ ನಾಚಿಕೆಯಾಗುತ್ತಿತ್ತು.

ಮಾದರಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಗುರುತಿಸಲು ಕೊಟ್ಟ ಉಪ್ಪಿಗೆ ಆಸಿಡ್ ಹಾಕಿದಾಗ ಇದೇ ಕಡ್ಡಿ ಗೀರಿದ ವಾಸನೆ ಬಂತು. ನಾನು ಸಲ್ಫೈಡ್ ಎಂದು ಬರೆದೆ. ಸೊನ್ನೆ ಸಿಕ್ಕಿತು. ಅದು ಸಲ್ಫೈಟ್, ಸಲ್ಫೈಡ್ ಆಗಿದ್ದರೆ ಕೊಳೆತ ಮೊಟ್ಟೆಯಂತೆ ನಾರಬೇಕಿತ್ತು. ಏನು ಮಾಡಲಿ, ತಮಿಳಿನಲ್ಲಿ ಟ, ಡ ಎರಡಕ್ಕೂ ಒಂದೇ ಅಕ್ಷರ. ನನ್ನ ನೋಟ್ಸಿನಲ್ಲಿ ಆ ಎರಡು ಹೆಸರೂ ಅವಳಿಜವಳಿಯಂತೆ ಕೂತಿದ್ದವು. ಕೆಮಿಸ್ಟ್ರಿ ಫೇಲಾದರೆ ಕಾಲೇಜಿನ ಮಾತೇ ಬೇಡ ಎಂದು ಅಪ್ಪ ಮೊದಲೇ ಹೇಳಿದ್ದರು. ಲ್ಯಾಬಿನ ಸಿಂಕಿನ ಹತ್ತಿರ ನಿಂತು ‘ಅವ್ವಾ’ ಎಂದು ಅತ್ತುಬಿಟ್ಟೆ.

ಟೀಚರ್ ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಕೇಳಿದರು.

“ನಿಮ್ಮನೇಲಿ ಊಟ ಅಂತೀರೋ, ಊಡ ಅಂತೀರೋ?”

ಕನ್ನಡ! ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ, “ಊಟ,” ಎಂದೆ.

“ಆ ಟ ಹುಟ್ಟಿದಾಗ್ಲಿಂದ ನಿನ್ ಕಿವೀಲಿ ಐತೆ ಕಣ್ಣು,” ಎಂದರು, ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ. “ಬಯಪಡಬ್ಯಾಡ. ಐಡ್ ಅಂದ್ರೆ ಗಂಧಕದ ಜೊತೆ ಆಕ್ಸಿಜನ್ ಇಲ್ಲ. ಐಟ್ ಅಂದ್ರೆ ಐತೆ. ಏಟ್ ಅಂದ್ರೆ ಇನ್ನೊಂದು ಜಾಸ್ತಿ ಐತೆ. ಸಲ್ಫೈಡ್, ಸಲ್ಫೈಟ್, ಸಲ್ಫೇಟ್. ಹೆಸರಿನ ಬಾಲ ನೋಡು, ಮನೇಲಿ ಯಾರ್ ಅವ್ರೆ ಅಂತ ಗೊತ್ತಾಯ್ತದೆ.”

“ಪುರಿಯುದು ಟೀಚರ್,” ಎಂದೆ. ಅರ್ಥವಾಯಿತು ಎಂಬುದನ್ನೂ ತಮಿಳಿನಲ್ಲೇ ಹೇಳಿದೆ.

ಪಾಸಾದೆ, ಕಾಲೇಜಿಗೂ ಹೋದೆ. ತೇನಿ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಟೀಚರ್ ಸಿಕ್ಕರು. ಜನರ ಗದ್ದಲದಲ್ಲೂ ನನ್ನ ಹತ್ತಿರ ಬಂದು, “ಊಟ ಆಯ್ತಾ ಕಣ್ಣು?” ಎಂದು ಕೇಳುವರು. ನಾನು ಅಕ್ಕಪಕ್ಕ ನೋಡಿ, “ಸಾಪ್ಟೇನ್ ಟೀಚರ್,” ಉಂಡೆ ಎಂದು ತಮಿಳಿನಲ್ಲೇ ಹೇಳುವೆ. ಅವರ ಗಂಡನ ಮನೆಯವರೆಲ್ಲ ತಮಿಳು ಮಾತಾಡುವವರು. ಒಮ್ಮೆ ಅವರೇ ಹೇಳಿದರು, “ನಮ್ಮವ್ವ ಹೋದ್ಮೇಲೆ ಈ ಮಾತಾಡಕ್ಕೆ ಯಾರೂ ಇಲ್ಲ. ಬಾಯಿ ತುಕ್ಕು ಹಿಡಿತೈತೆ. ಒಂದ್ಸಲ ನೀನೂ ಕನ್ನಡದಾಗೆ ಮಾತಾಡವ್ವ.” ನಾನು ನಕ್ಕು ಬಸ್ ಹತ್ತಿದೆ. ಎಂಥ ಹುಡುಗಿ ನಾನು...

ಕೆಲಸಕ್ಕೆಂದು ಮೈಸೂರಿಗೆ ಹೋದ ಮೇಲೆ ಕನ್ನಡದ ಅಕ್ಷರವನ್ನೂ ಕಲಿತೆ. ಟೀಚರಿಗೆ ಒಮ್ಮೆ ಫೋನ್ ಮಾಡಬೇಕು, ಬಾಯ್ತುಂಬ ಮಾತಾಡಬೇಕು ಅಂದುಕೊಂಡೇ ವರ್ಷಗಳು ಹೋದವು.

ಮೊನ್ನೆ ಒಲೆಯ ಮುಂದೆ ಅತ್ತಿಗೆಗೆ ಇದನ್ನೆಲ್ಲ ಹೇಳಿದೆ. ಅವಳು ಕಡ್ಡಿಪೆಟ್ಟಿಗೆ ಕೆಳಗಿಟ್ಟಳು. “ಆ ಟೀಚರಮ್ಮನಾ? ಆಡಿ ತಿಂಗ್ಳಲ್ಲೇ ಹೋಗ್ಬಿಟ್ರಲ್ಲ. ನಿಂಗೆ ಯಾರೂ ಹೇಳಿಲ್ವಾ?”

ಯಾರೂ ಹೇಳಿರಲಿಲ್ಲ. ಅತ್ತಿಗೆ ಇನ್ನೊಂದು ಕಡ್ಡಿ ಗೀರಿದಳು, ಒಲೆ ಹತ್ತಿತು. ನಾನು ಎದ್ದು ಹಿತ್ತಲಿಗೆ ಹೋಗಿ, ಯಾರೂ ಇಲ್ಲದ ಕಡೆ ಗಟ್ಟಿಯಾಗಿಯೇ ಹೇಳಿದೆ.

“ಆಯ್ತು ಟೀಚರ್. ಊಟ ಆಯ್ತು.”