ಎರಡು ಕಲ್ಲುಗಳ ನಡುವಿನ ಬಟ್ಟೆ

ನಾನೂ ಅವನೂ ವಡೋದರಾಕ್ಕೆ ಬಂದದ್ದು ಶಿಲ್ಪ ಕಲಿಯಲು. ನಾನು ಗದಗಿನ ಕಡೆಯವಳು, ಅವನು ಬಾಗಲಕೋಟೆಯವನು. ಹಾಸ್ಟೆಲಿನ ಸಿಹಿ ಬೇಳೆಸಾರನ್ನು ಬೈಯುತ್ತ ಪರಿಚಯವಾದವರು, ಓದು ಮುಗಿದ ಮೇಲೆ ಮದುವೆಯಾದೆವು. ಊರಾಚೆ ಕಾರ್ಖಾನೆಗಳ ಸಾಲಿನಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದೆವು. ಅವನದು ಕಲ್ಲು, ನನ್ನದು ಬಟ್ಟೆ. ಬಟ್ಟೆ ಎಂದರೆ ಸೂರತ್ತಿನ ಉಧ್ನಾದ ಮಗ್ಗಗಳಲ್ಲಿ ಅಂಚಿನಿಂದ ಕತ್ತರಿಸಿ ಬಿಸಾಡುವ ಪಾಲಿಯೆಸ್ಟರ್ ಪಟ್ಟಿ. ಮೂಟೆಗಟ್ಟಲೆ ತರುತ್ತಿದ್ದೆ.

ಒಂದು ದಿನ ಅವನು ಕೆತ್ತುತ್ತಿದ್ದ ಕರಿಕಲ್ಲು ಅಡ್ಡಕ್ಕೆ ಸೀಳಿ ಎರಡಾಯಿತು. ಅವನು ಉಳಿ ಎಸೆದು ಹೊರಗೆ ಹೋಗಿ ಕೂತ. ನಡುವೆ ಬಟ್ಟೆ ಇಟ್ಟು ನೋಡೋಣ ಅಂದವಳು ನಾನು. ಪಟ್ಟಿಗಳನ್ನು ಪದರ ಪದರವಾಗಿ ಹಾಸಿ, ಜ್ಯಾಕಿನಿಂದ ಒತ್ತಿ, ಹೊಲಿದು, ಮತ್ತೆ ಒತ್ತುವುದರಲ್ಲೇ ಆ ಮಳೆಗಾಲ ಕಳೆಯಿತು. ಬೆರಳುಗಳು ಒಡೆದು ಅನ್ನ ಕಲಸಿದರೆ ಉರಿಯುತ್ತಿದ್ದವು. ಮೇಲಿನ ಕಲ್ಲನ್ನು ಸರಪಳಿಯಿಂದ ಇಳಿಸಿದಾಗ ಬಟ್ಟೆ ಸ್ವಲ್ಪ ಕುಸಿಯಿತು, ಅಂಚಿನಲ್ಲಿ ಬಣ್ಣಬಣ್ಣವಾಗಿ ಉಬ್ಬಿತು, ಆಮೇಲೆ ನಿಂತಿತು. ಅಷ್ಟು ಭಾರವನ್ನು ಅಷ್ಟು ಮೆತ್ತಗಿನದೊಂದು ಹೊತ್ತಿತ್ತು.

"ಇದು ನಮ್ಮಿಬ್ಬರದು" ಅಂದ ಅವನು.

ಸೂರತ್ತಿನ ವ್ಯಾಪಾರಿಯೊಬ್ಬರು ಅದನ್ನು ತಮ್ಮ ಹೊಸ ಕಟ್ಟಡದ ಪಡಸಾಲೆಗೆ ಕೊಂಡರು. ಹಿತ್ತಾಳೆಯ ಫಲಕದಲ್ಲಿ ಎರಡೂ ಹೆಸರು ಬರೆಸಿದ್ದರು. ನಾನು ಅದನ್ನು ಸೆರಗಿನಿಂದ ಒರೆಸಿ ಬಂದಿದ್ದೆ.

ಮರುವರ್ಷ ಬಟ್ಟೆ ತರಲು ಉಧ್ನಾಕ್ಕೆ ಹೋದವಳಿಗೆ ವಾಪಸು ರೈಲು ತಡವೆಂದು ಗೊತ್ತಾಯಿತು. ನಮ್ಮ ಶಿಲ್ಪವನ್ನು ಒಮ್ಮೆ ನೋಡಿ ಬರೋಣವೆಂದು ಆಟೋ ಹತ್ತಿದೆ. ಪಡಸಾಲೆಯಲ್ಲಿ ಕಲ್ಲುಗಳೆರಡೇ ಇದ್ದವು. ನಡುವೆ ಖಾಲಿ. ಮೇಲಿನ ಕಲ್ಲನ್ನು ಹಿಂದಿನಿಂದ ಎರಡು ಕಬ್ಬಿಣದ ಸರಳುಗಳು ಎತ್ತಿ ಹಿಡಿದಿದ್ದವು. ಫಲಕ ಹೊಸದು. ಅದರಲ್ಲಿ ಅವನ ಹೆಸರಷ್ಟೇ ಇತ್ತು.

ಸ್ವಾಗತದ ಮೇಜಿನ ಹುಡುಗಿ, "ಫೋಟೊ ಲೇನಾ ಹೈ ತೋ ಲೇ ಲೋ, ಬೆನ್" ಎಂದು ಫೋಟೊ ತೆಗೆದುಕೊಳ್ಳಲು ಹೇಳಿದಳು.

ನಡುವೆ ಬಟ್ಟೆ ಇತ್ತಲ್ಲ ಎಂದು ಕೇಳಿದೆ. ತುಂಬಾ ಧೂಳು ಕೂರುತ್ತಿತ್ತಂತೆ. ದೀಪಾವಳಿಗೆ ಮುಂಚೆ ಕಲಾವಿದರೇ ಬಂದು ತೆಗೆದುಕೊಟ್ಟು ಹೋದರಂತೆ. ತೆಗೆದದ್ದನ್ನು ಚಿಂದಿಯವನು ಒಯ್ದನಂತೆ.

ದೀಪಾವಳಿಗೆ ಮುಂಚೆ, "ಅದರ ಪಾಯಾ ಅಲುಗ್ಯಾಡಾಕತ್ತೈತಂತ, ನೋಡಿ ಬರ್ತೀನಿ" ಎಂದು ಅವನು ಸೂರತ್ತಿಗೆ ಹೋದದ್ದು ನೆನಪಾಯಿತು. ಬರುವಾಗ ಒಂದು ಡಬ್ಬಿ ಘಾರಿ ತಂದಿದ್ದ. ತುಪ್ಪದಲ್ಲಿ ಮುಳುಗಿಸಿದ ಆ ಸಿಹಿಯನ್ನು ಚೆನ್ನಾಗಿದೆ ಎಂದು ನಾನೇ ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದೆ.

ಶೆಡ್ಡಿಗೆ ಬಂದು ಚೀಲವನ್ನೂ ಕೆಳಗಿಡದೆ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ.

"ಅವ್ರು ಪೂರಾ ಎತ್ತಿ ಗೋಡೌನಿಗೆ ಹಾಕ್ತೇವಿ ಅಂದ್ರು. ಅರ್ಧಾ ಆದ್ರೂ ಉಳೀಲಿ ಅಂತ ನಾನೇ ಹೋದ್ನಿ."

"ಯಾವ ಅರ್ಧಾ ಉಳೀತು?"

"ಬಟ್ಟಿಗೆ ಹುಳಾ ಹತ್ತತೈತಿ ಅಂದ್ರು ಅವ್ರು" ಅಂದ.

"ಪಾಲಿಯೆಸ್ಟರಿಗೆ ಹುಳಾ ಹತ್ತೂದಿಲ್ಲ ಅಂತ ನಿನಗ ಗೊತ್ತಿತ್ತಲ್ಲ. ಅವರಿಗೆ ಹೇಳಿದ್ಯಾ?"

ಅವನು ಕಲ್ಲು ಉಜ್ಜುವ ಯಂತ್ರ ಚಾಲೂ ಮಾಡಿದ.

ಕೆಲವು ತಿಂಗಳ ನಂತರ ಒಂದು ಕಲಾಪತ್ರಿಕೆಯಲ್ಲಿ ಆ ಶಿಲ್ಪದ ಚಿತ್ರ ಬಂತು. ಎರಡು ಬಂಡೆಗಳ ನಡುವಿನ ಶೂನ್ಯವೇ ಇಲ್ಲಿ ಮಾತಾಡುತ್ತದೆ, ಇಷ್ಟು ಖಾಲಿ ಬಿಡಲು ಧೈರ್ಯ ಬೇಕು ಎಂದೆಲ್ಲ ಬರೆದಿದ್ದರು. ಅವನು ಅದನ್ನು ನನಗೆ ತೋರಿಸಲಿಲ್ಲ. ಪುಟ ಹರಿದು ಗೋಡೆಗೆ ಅಂಟಿಸಿಕೊಂಡ. ಆಮೇಲೆ ಅವನು ಮಾಡಿದ ಪ್ರತಿ ಕಲ್ಲಿನ ನಡುವೆಯೂ ಖಾಲಿ ಜಾಗ ಬಿಡತೊಡಗಿದ. ಬೇಡಿಕೆಯೂ ಬಂತು. ನನ್ನ ಮೂಟೆಗಳು ಶೆಡ್ಡಿನ ಹಿಂಬದಿಗೆ ಹೋದವು, ಅಲ್ಲಿಂದ ಹೊರಗಿನ ಜಗಲಿಗೆ. ಅವು ಮಳೆಯಲ್ಲಿ ನೆನೆದದ್ದನ್ನು ಕಂಡ ದಿನ ನಾನು ಅಹಮದಾಬಾದಿಗೆ ಹೊರಟೆ.

ಈಗ ಮಣಿನಗರದಲ್ಲಿ ಒಬ್ಬಳೇ ಇದ್ದೇನೆ. ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ರಜೆಯಲ್ಲಿ ಸಣ್ಣಪುಟ್ಟದ್ದೇನಾದರೂ ಮಾಡಿದರೂ ಯಾರಿಗೂ ತೋರಿಸುವುದಿಲ್ಲ.

ಹೋದ ಚಳಿಗಾಲ ಅವನ ಪ್ರದರ್ಶನ ಇಲ್ಲಿಗೇ ಬಂದಿತ್ತು. ಹೋಗಬಾರದು ಅಂದುಕೊಂಡೇ ಹೋದೆ. ಜನರ ನಡುವಿನಿಂದ ನನ್ನನ್ನು ಕಂಡು ಹತ್ತಿರ ಬಂದ. ತಲೆ ನರೆತಿತ್ತು.

"ಹೆಂಗೈತಿ?" ಎಂದು ದೊಡ್ಡದೊಂದು ಕಲ್ಲಿನ ಕಡೆ ಕೈ ತೋರಿಸಿದ.

"ಚಲೋ ಐತಿ" ಅಂದೆ.

ನಿಜವಾಗಿಯೂ ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.